ಪಕ್ಕದ ಮನೆ, ಪಕ್ಕದ ಕೇರಿ



ಮುಂಗಾರು ಬಲಿತಿತೆಂದರೆ ನಂಜನಗೂಡಿನಲ್ಲಿ ಜನ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ‘ಹದಿನಾರು ಕಾಲು ಮಂಟಪಕ್ಕೆ ನೀರು ಬಂತಾ?’ ಕಪಿಲೆ ಎಂದು ನಾವು ಕರೆಯುವ ಕಬಿನಿಯ ಸ್ನಾನಘಟ್ಟದಲ್ಲಿರುವ ಆ ಕಲ್ಲುಮಂಟಪವೇ ಊರಿಗೆ ಅಳತೆಗೋಲು. ವಯನಾಡಿನ ಬೆಟ್ಟಗಳಲ್ಲಿ ಮಳೆ ಜಡಿದರೆ ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಜಲಾಶಯ ತುಂಬುತ್ತದೆ. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಹೊಳೆ ಏರುತ್ತದೆ. ಮಂಟಪದ ಕಂಬಗಳು ಮುಳುಗುತ್ತ ಬಂದಂತೆ ತೋಪಿನ ಬೀದಿ, ಹಳ್ಳದ ಕೇರಿ, ಗೌರಿಘಟ್ಟದ ಬೀದಿ, ಒಕ್ಕಲಗೇರಿ, ಸರಸ್ವತಿ ಕಾಲೊನಿಯ ಮನೆಗಳಲ್ಲಿ ಅಕ್ಕಿ ಮೂಟೆ, ಮಕ್ಕಳ ಪುಸ್ತಕ, ರೇಷನ್ ಕಾರ್ಡು ಅಟ್ಟ ಹತ್ತುತ್ತವೆ. ಟಿ. ನರಸೀಪುರದವರ ಪಾಡು ಇನ್ನೊಂದು ಬಗೆ. ಅವರಿಗೆ ಎರಡು ಹೊಳೆಯ ಲೆಕ್ಕ ಇಡಬೇಕು. ಕೆಆರ್‌ಎಸ್ ಕಡೆಯಿಂದ ಕಾವೇರಿ, ನಮ್ಮ ಕಡೆಯಿಂದ ಕಪಿಲೆ, ಎರಡೂ ಒಂದೇ ದಿನ ತುಂಬಿ ಬಂದರೆ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಸೋಪಾನವೂ ಕಾಣುವುದಿಲ್ಲ, ಅತ್ತ ತಲಕಾಡಿನ ತನಕ ಹೊಳೆದಂಡೆಯ ಗದ್ದೆಗಳೂ ಕಾಣುವುದಿಲ್ಲ.

2018ರ ಆಗಸ್ಟಿನಲ್ಲಿ ಹೀಗಾಯಿತು. ಮರುವರ್ಷ ಅದೇ ತಿಂಗಳಲ್ಲಿ ಕಬಿನಿಯಿಂದ ಬಿಟ್ಟ ನೀರು ಲಕ್ಷ ಕ್ಯೂಸೆಕ್ಕನ್ನೂ ಮೀರಿತು. ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ಊಟಿ ರಸ್ತೆಯ ಮೇಲೆ ಹೊಳೆ ಹರಿದು ಬಸ್ಸು ಲಾರಿಗಳು ನಿಂತುಹೋದವು. 2024ರ ಜುಲೈ ಕೊನೆಯಲ್ಲಿ ಮತ್ತೆ ಅದೇ ಕೇರಿಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ತಹಶೀಲ್ದಾರರು ಬರುತ್ತಾರೆ, ಅಗ್ನಿಶಾಮಕ ದಳದವರು ದೋಣಿ ತರುತ್ತಾರೆ, ಕಲ್ಯಾಣ ಮಂಟಪದಲ್ಲಿ ಗಂಜಿಕೇಂದ್ರ ತೆರೆಯುತ್ತದೆ. ಅವರ ದುಡಿಮೆ ದೊಡ್ಡದು. ಆದರೆ ಅವರು ಬಂದು ಬಾಗಿಲು ತಟ್ಟುವ ಮೊದಲು ಒಂದು ಗಂಟೆಯೋ ಎರಡು ಗಂಟೆಯೋ ಕಳೆದಿರುತ್ತದೆ. ಆ ಹೊತ್ತು ಪೂರ್ತಿ ಅಕ್ಕಪಕ್ಕದವರದು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಎಲ್ಲಿ ಬಾಣಂತಿ ಹಸುಗೂಸಿನ ಜೊತೆ ಒಳಕೋಣೆಯಲ್ಲಿದ್ದಾಳೆ, ಯಾರಿಗೆ ಕಿವಿ ಕೇಳದು, ಯಾವ ಮನೆಯ ಗಂಡಸರು ರಾತ್ರಿ ಪಾಳಿಗೆ ಕಾರ್ಖಾನೆಗೆ ಹೋಗಿದ್ದಾರೆ? ಈ ಪಟ್ಟಿ ಯಾವ ಕಚೇರಿಯ ಕಡತದಲ್ಲೂ ಇಲ್ಲ. ಇದ್ದರೆ ಪಕ್ಕದ ಮನೆಯವರ ತಲೆಯಲ್ಲಿ ಇರಬೇಕು. ಅಲ್ಲೂ ಇಲ್ಲದಿದ್ದರೆ ಆ ಅಜ್ಜಿ ಒಬ್ಬಳೇ.

ಆ ಪಟ್ಟಿ ನೆರೆಯವರ ತಲೆಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಜಪಾನಿನ ಅವಾಜಿ ದ್ವೀಪದಲ್ಲಿ ಹೊಕುದಾನ್ ಎಂಬ ಚಿಕ್ಕ ಊರು. 1995ರ ಜನವರಿ 17ರ ನಸುಕಿನಲ್ಲಿ, ಜನ ಇನ್ನೂ ಮಲಗಿದ್ದಾಗ, ಕೋಬೆ ನಗರವನ್ನು ಕೆಡವಿದ ಭೂಕಂಪ ಆ ಊರಿನ ಪಕ್ಕದಲ್ಲೇ ಹುಟ್ಟಿತು. ಮರದ ಮನೆಗಳು ಸಾಲುಸಾಲಾಗಿ ಕುಸಿದವು. ಹೊರಗಿನಿಂದ ನೆರವು ಬರುವ ತನಕ ಊರಿನವರು ಕಾಯಲಿಲ್ಲ. ಊರಿನ ಅಗ್ನಿಶಾಮಕ ಸ್ವಯಂಸೇವಕರೂ ಅಕ್ಕಪಕ್ಕದವರೂ ಸೇರಿ ಸುಮಾರು 300 ಜನರನ್ನು ಅವಶೇಷದಡಿಯಿಂದ ಎಳೆದು ತೆಗೆದರು. ಯಾರು ಸಿಕ್ಕಿದರು, ಯಾರು ಸಿಕ್ಕಿಲ್ಲ ಎಂಬ ಲೆಕ್ಕ ಅದೇ ದಿನ ಸಂಜೆಯೊಳಗೆ ಮುಗಿದಿತ್ತು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಇಂಥ ಮನೆಯಲ್ಲಿ ಇಂಥವರು ಇಂಥ ಕೋಣೆಯಲ್ಲಿ ಮಲಗುತ್ತಾರೆ ಎಂಬುದು ನೆರೆಯವರಿಗೆ ಗೊತ್ತಿತ್ತು. ಅವರು ಇಡೀ ಮನೆಯನ್ನು ಅಗೆಯಲಿಲ್ಲ, ಮಲಗಿದ್ದ ಜಾಗವನ್ನು ಅಗೆದರು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯ ಎಡಗಡೆ ಒಂದು ಮನೆ ಇದೆ. ಅಲ್ಲಿ ಎಷ್ಟು ಜನ? ವಯಸ್ಸಾದವರು ಯಾವ ಕೋಣೆಯಲ್ಲಿ ಮಲಗುತ್ತಾರೆ? ಅವರು ನುಂಗುವ ಮಾತ್ರೆ ಯಾವುದಕ್ಕೆ? ಅವರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಆಕೆಯ ಫೋನ್ ನಂಬರು ನಿಮ್ಮ ಹತ್ತಿರ ಇದೆಯೇ? ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಳ್ಳಿ.

ಈ ತಿಳಿವಳಿಕೆಯನ್ನು ನಮ್ಮ ಹಿಂದಿನವರು ಯಾವ ಪ್ರಯತ್ನವೂ ಇಲ್ಲದೆ ಸಂಪಾದಿಸಿದ್ದರು. ಅಡುಗೆಮನೆಯ ಮೂಲಕ ಅದು ಬರುತ್ತಿತ್ತು. ನಮ್ಮ ಕಡೆ ಹೆಂಗಸರು ಎದುರಾದರೆ ಮೊದಲು ಕೇಳುವುದು ‘ಏನ್ ಸಾರು?’ ಅಂತ. ‘ಬಸ್ಸಾರು ಕಣಕ್ಕ, ಸೊಪ್ಪು ಚೆನ್ನಾಗಿತ್ತು. ಒಂದು ಬಟ್ಟಲು ಕಳಿಸ್ಲಾ?’ ಬಟ್ಟಲು ಆಚೆ ಮನೆಗೆ ಹೋಗುತ್ತದೆ. ಅದು ಬರಿದಾಗಿ ವಾಪಸು ಬರಬಾರದು ಎಂಬುದು ಕಟ್ಟಳೆ. ಎರಡು ಬಾಳೆಹಣ್ಣೋ, ಒಂದು ಹಿಡಿ ಅವರೆಕಾಳೋ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯೋ ಇಟ್ಟು ಕೊಡುತ್ತಾರೆ. ರಾತ್ರಿ ಹಾಲು ಕಾಯಿಸಿಟ್ಟ ಮೇಲೆ ಹೆಪ್ಪಿಗೆ ಮಜ್ಜಿಗೆ ಇಲ್ಲದಿದ್ದರೆ ಮಗುವಿನ ಕೈಗೆ ಲೋಟ ಕೊಟ್ಟು ಪಕ್ಕಕ್ಕೆ ಓಡಿಸುತ್ತಾರೆ. ಆ ಮಗು ಪಕ್ಕದ ಮನೆಯ ಒಳಗಿನ ತನಕ ಹೋಗುತ್ತದೆ. ಅಜ್ಜ ಇವತ್ತು ಊಟ ಮಾಡದೆ ಮಲಗಿದ್ದಾರೆ, ಅತ್ತೆ ಅಳುತ್ತಿದ್ದರು, ಯಾರೋ ಪರ ಊರಿನವರು ಬಂದಿದ್ದಾರೆ ಎಂದು ಕಂಡದ್ದನ್ನು ಬಂದು ಹೇಳುತ್ತದೆ. ಲೋಟದಲ್ಲಿ ಬಂದದ್ದು ಒಂದು ಚಮಚ ಮಜ್ಜಿಗೆ. ಅದರ ಜೊತೆಗೆ ಬಂದ ಸುದ್ದಿಯಿಂದ ಮರುದಿನ ಬೆಳಿಗ್ಗೆ ಒಬ್ಬ ಮುದುಕನಿಗೆ ಡಾಕ್ಟರು ಸಿಗಬಹುದಿತ್ತು.

ಸಂಕ್ರಾಂತಿಯ ಎಳ್ಳು ಬೀರುವುದೂ ಹಾಗೆಯೇ. ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುತ್ತಾರೆ, ಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸಿ ಬಿಸಿಲಿಗೆ ಹಾಕುತ್ತಾರೆ, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೂರುತ್ತಾರೆ. ಹುರಿಗಡಲೆ, ಎಳ್ಳು ಸೇರಿಸಿ ಕಲಸುತ್ತಾರೆ. ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ, ಬಾಳೆಹಣ್ಣು, ಎಲಚಿಹಣ್ಣು. ಹೊಸ ಲಂಗ ಉಟ್ಟ ಹುಡುಗಿಯರು ಮನೆಮನೆಗೆ ಹೋಗುತ್ತಾರೆ. ‘ಎಳ್ಳು ತಿಂದು ಒಳ್ಳೇ ಮಾತಾಡಿ’ ಅನ್ನುತ್ತಾರೆ. ಜಗಳವಾಡಿ ಮಾತು ಬಿಟ್ಟಿದ್ದ ಮನೆಯವರಿಗೂ ಮಗುವಿನ ಕೈಯ ತಟ್ಟೆಯನ್ನು ಬೇಡ ಅನ್ನಲು ಬಾಯಿ ಬಾರದು. ದೊಡ್ಡವರು ಕಟ್ಟಿಕೊಂಡ ಹಗೆ ಬಿಡಿಸಲು ಇದಕ್ಕಿಂತ ಜಾಣ ಉಪಾಯ ನನಗೆ ಗೊತ್ತಿಲ್ಲ.

ಹೊಲಗದ್ದೆಯಲ್ಲೂ ನೆರೆಹೊರೆ ಎಂಬುದೊಂದಿದೆ. ಅದರ ಕಥೆ ಅಡುಗೆಮನೆಯಷ್ಟು ಸಿಹಿಯಲ್ಲ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ನಾಲೆ, ನರಸೀಪುರ ತಾಲ್ಲೂಕಿನ ತಲಕಾಡಿನ ಕಡೆಯ ಮಾಧವಮಂತ್ರಿ ನಾಲೆ ಇವೆಲ್ಲ ಕಬಿನಿ ಜಲಾಶಯಕ್ಕಿಂತ ಎಷ್ಟೋ ಹಳೆಯವು. ಅಂಥ ನಾಲೆಯ ಬಯಲಿನಲ್ಲಿ ಮೇಲಿನ ಗದ್ದೆಯವನು ನೀರು ಬಿಟ್ಟರೆ ಕೆಳಗಿನ ಗದ್ದೆಯವನಿಗೆ ಬೆಳೆ. ಅದಕ್ಕೇ ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ಯಾರ ಗದ್ದೆ ಎಷ್ಟು, ಯಾವ ಗದ್ದೆ ನೀರು ಬೇಗ ಹೀರುತ್ತದೆ, ಯಾರ ಮನೆಯಲ್ಲಿ ಸಾವಾಗಿ ಈ ಸರದಿಗೆ ಬರಲಾರರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆದು ಕೊಡುತ್ತಿದ್ದರು. ನಾಟಿಯ ಕಾಲಕ್ಕೆ ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಕೂಲಿ ಕಾಸಿನ ಮಾತಿಲ್ಲ. ಈಗ ನಾಟಿ ಯಂತ್ರವೂ ಬಂದಿದೆ, ಕೊಯ್ಲು ಯಂತ್ರವೂ ಬಂದಿದೆ. ಬೆನ್ನು ಬಗ್ಗಿಸಿ ದುಡಿದ ಹೆಂಗಸರಿಗೆ ಅದರಿಂದ ಬಿಡುವು ಸಿಕ್ಕಿದ್ದರೆ ನನಗೆ ಸಂತೋಷವೇ. ಆದರೆ ಮುಯ್ಯಾಳು ನಿಂತ ಮೇಲೆ ಅಕ್ಕಪಕ್ಕದ ಗದ್ದೆಯವರು ಒಂದೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವುದೂ ನಿಂತಿತು. ಬದುವಿನ ಒಂದು ಮೊಳ ಜಾಗಕ್ಕೆ ಅಣ್ಣತಮ್ಮಂದಿರಂತಿದ್ದ ನೆರೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಮೊಳ ಜಾಗದಲ್ಲಿ ಬೆಳೆಯುವ ಭತ್ತ ವಕೀಲರ ಒಂದು ದಿನದ ಫೀಸಿಗೂ ಸಾಲದು. ಮಾತು ನಿಂತ ಮೇಲೆ ಅಳತೆ ಶುರುವಾಗುತ್ತದೆ.

ನಂಜನಗೂಡು, ನರಸೀಪುರ ಎರಡೂ ಊರುಗಳಲ್ಲಿ ಜನ ಸೇರುವುದಕ್ಕೆ ಕೊರತೆಯೇನೂ ಇಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ. ಶ್ರೀಕಂಠೇಶ್ವರನ ಗೌತಮ ರಥದ ಹಗ್ಗಕ್ಕೆ ಕೈ ಹಾಕಿದವರಲ್ಲಿ ಯಾರು ಯಾರೆಂದು ಕೇಳುವವರಿಲ್ಲ. ನರಸೀಪುರದ ತಿರುಮಕೂಡಲು ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದುಬಂದಿದೆ. ಕೋವಿಡ್ ಕಾಲದಲ್ಲಿ ಒಂದು ಸರದಿ ತಪ್ಪಿ, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಕಾಣದ ಊರಿನವರ ಭುಜಕ್ಕೆ ಭುಜ ತಾಗಿಸಿ ಮುಳುಗು ಹಾಕಿ ಬರುತ್ತೇವೆ. ದೇವರೆದುರು ಅಷ್ಟು ಹತ್ತಿರ ನಿಂತವರಿಗೆ ಮನೆಗೆ ಬಂದ ಮೇಲೆ ಗೋಡೆಯಾಚೆಯವರ ಹೆಸರೂ ಗೊತ್ತಿಲ್ಲದಿದ್ದರೆ ಆ ಹತ್ತಿರ ಹತ್ತಿರವಲ್ಲ. ಜಾತ್ರೆಯ ನೂಕುನುಗ್ಗಲಿಗೂ ಪರಿಚಯಕ್ಕೂ ಬಹಳ ವ್ಯತ್ಯಾಸವಿದೆ.

ಇಷ್ಟು ಹೇಳಿದ್ದು ಕೇಳಿ, ಇವರು ಹಳೆಯ ಕಾಲವನ್ನು ಹೊಗಳಲು ಕೂತಿದ್ದಾರೆ ಎಂದುಕೊಳ್ಳಬೇಡಿ. ಆ ಎಳ್ಳಿನ ತಟ್ಟೆ ಹಿಡಿದ ಹುಡುಗಿ ಎಲ್ಲಿಯ ತನಕ ಹೋಗುತ್ತಿದ್ದಳು? ಬೀದಿಯ ಕೊನೆಯ ತನಕ. ಅಲ್ಲಿಂದಾಚೆ ಬೇರೆ ಕೇರಿ. ನಮ್ಮ ಊರುಗಳಲ್ಲಿ ಕೇರಿಯ ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆಯೇ. ಒಕ್ಕಲಗೇರಿ, ಕುರುಬಗೇರಿ ಎಂದು ಇಂದಿಗೂ ಕರೆಯುತ್ತೇವೆ. ಊರ ಬಾವಿಯ ಕಟ್ಟೆಯ ಮೇಲೆ ಹೆಂಗಸರು ಕಷ್ಟಸುಖ ಮಾತಾಡುತ್ತಿದ್ದರು ನಿಜ, ಆ ಕಟ್ಟೆ ಹತ್ತಲು ಬಿಡದ ಹೆಂಗಸರು ದೂರದಲ್ಲಿ ಕೊಡ ಇಟ್ಟು ಯಾರಾದರೂ ನೀರು ಹೊಯ್ದಾರೆಂದು ಕಾಯುತ್ತಿದ್ದದ್ದೂ ನಿಜ. ಎರಡನ್ನೂ ಒಟ್ಟಿಗೆ ನೆನೆಯದೆ ನೆರೆಹೊರೆಯ ಬಗ್ಗೆ ಮಾತಾಡಿದರೆ ಅದು ಅರ್ಧ ಸತ್ಯ. ನಲ್ಲಿ ನೀರು ಮನೆಮನೆಗೆ ಬಂದದ್ದು ಒಳ್ಳೆಯದಾಯಿತು.

ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಬಹಿಷ್ಕಾರದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಒಂದು ಮನೆಯವರನ್ನು ಊರಿನಿಂದ ದೂರ ಇಟ್ಟರೆ, ಅವರ ಜೊತೆ ಮಾತಾಡಿದವರಿಗೆ ಇಷ್ಟು ದಂಡ, ಬೆಂಕಿಪೊಟ್ಟಣ ಕೊಟ್ಟವರಿಗೆ ಇಷ್ಟು ದಂಡ ಎಂದು ಗೊತ್ತು ಮಾಡುತ್ತಾರೆ. ಹೊಡೆಯುವುದಿಲ್ಲ, ಮನೆ ಕೆಡವುವುದಿಲ್ಲ. ಪಕ್ಕದವರ ಮಾತೊಂದನ್ನು ಕಿತ್ತುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದು ದಂಡ ಹಾಕುವವರಿಗೆ ಚೆನ್ನಾಗಿ ಗೊತ್ತು.

ಈ ಮಾತಿನಲ್ಲಿ ಬದನವಾಳನ್ನು ಹೇಳದೆ ಮುಂದೆ ಹೋಗಲಾರೆ. ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವಾಗ ಸಿಗುವ ಊರು. ಗಾಂಧೀಜಿ ಬಂದು ಹೋದ ಊರು. ಮೈಸೂರು ಸಂಸ್ಥಾನದ ಕಾಲದಲ್ಲೇ ಅಲ್ಲಿ ಖಾದಿ ಕೇಂದ್ರ ಶುರುವಾಗಿ, ಹೆಂಗಸರು ಚರಕದಲ್ಲಿ ನೂಲುತ್ತಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸರಳ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಅದೇ ಜಾಗವನ್ನು. ಅದೇ ಊರಿನಲ್ಲಿ, 1993ರ ಮಾರ್ಚಿನಲ್ಲಿ, ದೇವಸ್ಥಾನ ಪ್ರವೇಶದ ವಿಚಾರಕ್ಕೆ ಎದ್ದ ಹಗೆಯಲ್ಲಿ ಮೂವರು ದಲಿತರ ಕೊಲೆಯಾಯಿತು. ಕೊಂದವರೂ ಸತ್ತವರೂ ಪರದೇಶದವರಲ್ಲ. ಒಂದೇ ಮಳೆಗೆ ಕಾದು, ಒಂದೇ ಬಸ್ ಸ್ಟಾಪಿನಲ್ಲಿ ನಿಂತವರು. ಆಮೇಲೆ ದಲಿತರ ಕೇರಿಯನ್ನೂ ಲಿಂಗಾಯತರ ಬೀದಿಯನ್ನೂ ಸೇರಿಸುತ್ತಿದ್ದ ದಾರಿ ಮುಚ್ಚಿಹೋಯಿತು. ಮೂವತ್ತು ವರ್ಷದ ಹತ್ತಿರ ಹತ್ತಿರ ಅದು ಹಾಗೆಯೇ ಇತ್ತು. ಯೋಚಿಸಿ ನೋಡಿ. ಆ ವರ್ಷ ಹುಟ್ಟಿದ ಮಗು ಬೆಳೆದು, ಓದಿ, ಮದುವೆಯಾಗಿ, ತಾನೂ ಮಗು ಹೆತ್ತು, ಇಷ್ಟು ಹತ್ತಿರದ ಇನ್ನೊಂದು ಬೀದಿಯಲ್ಲಿ ಯಾರಿದ್ದಾರೆಂದು ತಿಳಿಯದೆಯೇ ಬದುಕಬಹುದಿತ್ತು.

2022ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ರಾಹುಲ್ ಗಾಂಧಿಯವರ ಪಾದಯಾತ್ರೆ ಆ ಊರಿಗೆ ಬಂತು. ಆ ಸಂದರ್ಭದಲ್ಲಿ ಮುಚ್ಚಿದ್ದ ದಾರಿಗೆ ಸಿಮೆಂಟು ಇಟ್ಟಿಗೆ ಹಾಸಿ ತೆರೆದರು. ಎರಡೂ ಕಡೆಯ ಜನ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಯಾವ ಪಕ್ಷದವರು ಮಾಡಿಸಿದರೆಂಬ ಲೆಕ್ಕ ಇಲ್ಲಿ ನನಗೆ ಬೇಕಿಲ್ಲ, ದಾರಿ ತೆರೆದದ್ದು ಒಳ್ಳೆಯ ಕೆಲಸ. ಆದರೆ ಇಟ್ಟಿಗೆ ಹಾಸುವುದಕ್ಕೆ ಹೊರಗಿನವರು ಬರಬಹುದು, ಅದರ ಮೇಲೆ ನಡೆಯುವುದಕ್ಕೆ ಹೊರಗಿನವರು ಬರಲಾರರು. ಆ ಪಂಕ್ತಿ ಊಟ ಒಂದು ದಿನದ್ದು. ಆಮೇಲೆ ಯಾರ ಮನೆಯ ಮಗು ಹೆಪ್ಪಿಗೆ ಲೋಟ ಹಿಡಿದು ಆ ದಾರಿಯಲ್ಲಿ ಹೋಗುತ್ತದೆ, ಯಾರ ಮನೆಯ ಹೆಣದ ಹಿಂದೆ ಯಾರು ನಡೆಯುತ್ತಾರೆ ಎಂಬುದೇ ನಿಜವಾದ ಲೆಕ್ಕ. ಬದನವಾಳಿನವರಿಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಮುಚ್ಚಿದ ದಾರಿ ಎಲ್ಲರ ಊರಿನಲ್ಲೂ ಇದೆ. ಕೆಲವು ಕಡೆ ಅದಕ್ಕೆ ಬೇಲಿ ಕಾಣುವುದಿಲ್ಲ, ಅಷ್ಟೇ.

ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಓದಿದವರಿಗೆ ಜೋತಮ್ಮಗಳು ನೆನಪಿರುತ್ತಾರೆ. ಊರು ಮಲಗಿದ ಮೇಲೆ ಮನೆಮನೆಯ ದೀಪದ ಜ್ಯೋತಿಗಳು ಎದ್ದು ಬಂದು ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಕಷ್ಟಸುಖ ಹೇಳಿಕೊಳ್ಳುತ್ತವೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯ ನೆಲ ನಮ್ಮದು, ಮಾತು ನಮ್ಮದು. ದೀಪಗಳು ಮಾಡಿದ್ದನ್ನು ಆ ದೀಪ ಹಚ್ಚಿದವರು ಹಗಲಿನಲ್ಲಿ ಮಾಡಲಿ ಎಂದು ಅದನ್ನು ಓದುವಾಗಲೆಲ್ಲ ನನಗೆ ಆಸೆಯಾಗುತ್ತದೆ.

ಇನ್ನು 2020. ಆ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಒಂದು ಔಷಧ ಕಾರ್ಖಾನೆಯಲ್ಲಿ ಕೋವಿಡ್ ಕಾಣಿಸಿಕೊಂಡು, ಇಡೀ ರಾಜ್ಯ ನಮ್ಮ ಊರಿನ ಹೆಸರನ್ನು ಭಯದಿಂದ ಹೇಳುವಂತಾಯಿತು. ಸಾವಿರಕ್ಕೂ ಹೆಚ್ಚು ನೌಕರರಿಗೆ ಮನೆಯೊಳಗೇ ಇರಲು ಆಜ್ಞೆಯಾಯಿತು. ಕೈಗೆ ಮುದ್ರೆ ಒತ್ತಿದರು, ಬಾಗಿಲಿಗೆ ಚೀಟಿ ಅಂಟಿಸಿದರು. ಆ ಚೀಟಿ ಕಂಡು ಬೀದಿಯ ಆಚೆ ಬದಿಯಿಂದ ನಡೆದವರಿದ್ದರು. ಅದೇ ಚೀಟಿ ಕಂಡು, ‘ಅಕ್ಕಾ, ಹಾಲು ಗೇಟಿನ ಮೇಲಿಟ್ಟಿದೀನಿ, ಇನ್ನೇನು ಬೇಕು ಕೂಗಿ ಹೇಳಿ’ ಎಂದವರೂ ಇದ್ದರು. ಇಬ್ಬರಿಗೂ ರೋಗದ ಭಯ ಇದ್ದೇ ಇತ್ತು. ವ್ಯತ್ಯಾಸ ಒಂದೇ. ಎರಡನೆಯವರಿಗೆ ಆ ಬಾಗಿಲ ಹಿಂದೆ ಇದ್ದವರು ಯಾರೆಂದು ಮೊದಲೇ ಗೊತ್ತಿತ್ತು. ಕಾಣದವನು ರೋಗಿಯಾಗಿ ಕಂಡ, ಕಂಡವನು ಮನುಷ್ಯನಾಗಿ ಕಂಡ. ಮೇ ಮಧ್ಯದ ಹೊತ್ತಿಗೆ ಜಿಲ್ಲೆಯ ಅಷ್ಟೂ ಸೋಂಕಿತರು ಗುಣವಾಗಿ ಮನೆಗೆ ಬಂದರು. ಬಂದವರನ್ನು ಬೀದಿ ಹೇಗೆ ನೋಡಿತು ಎಂಬುದನ್ನು ಅವರು ಇಂದಿಗೂ ಮರೆತಿಲ್ಲ, ಮರೆಯಬೇಕೆಂದು ಕೇಳುವುದೂ ಸರಿಯಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ, ತಾಂಡ್ಯದ ಕಾರ್ಖಾನೆಗಳಿಗೆ, ಬಿಹಾರ, ಒಡಿಶಾ, ಅಸ್ಸಾಮಿನ ಹುಡುಗರು ದುಡಿಯಲು ಬಂದಿದ್ದಾರೆ. ಒಂದು ಕೋಣೆಯಲ್ಲಿ ಐದಾರು ಜನ. ನಾವು ಅವರನ್ನು ಒಟ್ಟಾಗಿ ‘ಹಿಂದಿಯವರು’ ಎಂದು ಕರೆದು ಮುಗಿಸುತ್ತೇವೆ. ಅವರಲ್ಲಿ ಎಷ್ಟೋ ಜನರ ಮನೆಮಾತು ಹಿಂದಿಯಲ್ಲ, ಒಡಿಯಾ, ಅಸ್ಸಾಮಿ, ಮೈಥಿಲಿ. ಅವರಿಗೂ ತಾಯಿ ಇದ್ದಾಳೆ, ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ, ಹಿಂದೆ ಕಾಣುವ ನಮ್ಮ ಬೀದಿಯನ್ನು ನೋಡಿ ‘ಅಲ್ಲಿನ ಜನ ಹೇಗೆ?’ ಎಂದು ಕೇಳುತ್ತಾಳೆ. ಆ ಹುಡುಗ ಕೊಡುವ ಉತ್ತರ ನಮ್ಮ ಕೈಯಲ್ಲಿದೆ. ಅವರಿಗೆ ಕನ್ನಡ ಬರುವುದಿಲ್ಲ ಎಂದು ಸಿಟ್ಟಾಗುವ ನಾವು, ಅವರನ್ನು ಕನ್ನಡದಲ್ಲಿ ಒಮ್ಮೆ ಮಾತಾಡಿಸಿದ್ದು ಯಾವಾಗ? ಭಾಷೆ ಪುಸ್ತಕದಿಂದ ಬರುವುದು ಕಡಿಮೆ, ‘ಊಟ ಆಯ್ತಾ?’ ಎಂದು ದಿನಾ ಕೇಳುವ ಪಕ್ಕದ ಮನೆಯ ಅಮ್ಮನಿಂದ ಬರುವುದು ಹೆಚ್ಚು.

ಹಳೆಯ ಬೀದಿಗಳಲ್ಲಿ ಇನ್ನೊಂದು ಬಗೆಯ ಒಂಟಿತನ ಬಂದು ಕೂತಿದೆ. ಮಕ್ಕಳು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ. ತಂದೆ ತಾಯಿ ಇಲ್ಲಿ, ದೊಡ್ಡ ಮನೆಯಲ್ಲಿ. ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದಾರೆ. ಮಗ ಅಲ್ಲಿಂದಲೇ ಮೊಬೈಲಿನಲ್ಲಿ ಬಾಗಿಲು ನೋಡುತ್ತಾನೆ. ನೋಡಲಿ, ತಪ್ಪಿಲ್ಲ. ಆದರೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರೆ ಕ್ಯಾಮೆರಾ ಒಳಗೆ ಬಂದು ಎತ್ತುವುದಿಲ್ಲ. 1995ರ ಜುಲೈನಲ್ಲಿ, ಜಪಾನಿನ ಭೂಕಂಪ ನಡೆದ ಅದೇ ವರ್ಷ, ಅಮೆರಿಕದ ಷಿಕಾಗೋ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಮಂದಿ ಒಂಟಿಯಾಗಿ ಬಾಗಿಲು ಹಾಕಿಕೊಂಡಿದ್ದ ಮುದುಕರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಆ ಸಾವುಗಳ ಜಾಡು ಹಿಡಿದು ಹೋದರು. ಅಕ್ಕಪಕ್ಕದ ಎರಡು ಬಡ ಬಡಾವಣೆಗಳಲ್ಲಿ ಬಿಸಿಲು ಒಂದೇ, ಬಡತನವೂ ಹೆಚ್ಚುಕಡಿಮೆ ಒಂದೇ. ಅಂಗಡಿ ಸಾಲು ಇದ್ದು, ಜನ ಬೀದಿಯಲ್ಲಿ ಓಡಾಡಿಕೊಂಡಿದ್ದ ಬಡಾವಣೆಯಲ್ಲಿ ಸತ್ತವರು ಬಹಳ ಕಡಿಮೆ. ಖಾಲಿ ಬೀದಿಗಳ ಬಡಾವಣೆಯಲ್ಲಿ ಹೆಚ್ಚು. ನಮ್ಮ ಬೀದಿಗಳ ಮೂಲೆಯಂಗಡಿಗೆ ಹಾಲಿಗೆ, ಸೊಪ್ಪಿಗೆ ಹೋಗುವುದನ್ನು ಬಿಟ್ಟು ಎಲ್ಲವನ್ನೂ ಮನೆಬಾಗಿಲಿಗೇ ತರಿಸಿಕೊಳ್ಳುವವರು ಇದನ್ನು ಒಮ್ಮೆ ಯೋಚಿಸಬೇಕು. ಎರಡು ದಿನ ಅಂಗಡಿಗೆ ಬಾರದ ಅಜ್ಜನನ್ನು ಅಂಗಡಿಯವರು ‘ಎಲ್ಲಿ, ಕಾಣ್ಲಿಲ್ಲ?’ ಎಂದು ಕೇಳುತ್ತಾರಲ್ಲ, ಆ ವಿಚಾರಣೆಗೆ ಬೆಲೆ ಕಟ್ಟಲಾಗದು.

ಇಲ್ಲಿ ಒಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ವಿಶೇಷವಾಗಿ ಯುವಕ ಯುವತಿಯರು ಹೇಳುತ್ತಾರೆ: ‘ಪಕ್ಕದವರಿಗೆ ನಮ್ಮ ವಿಷಯ ಗೊತ್ತಾಗುವುದೇ ಬೇಡ. ಎಲ್ಲಿ ಹೋದೆ, ಯಾರ ಜೊತೆ ಬಂದೆ, ಯಾಕೆ ಇನ್ನೂ ಮದುವೆಯಾಗಿಲ್ಲ, ಮಕ್ಕಳಾಗಿಲ್ಲ, ಇದೇ ವಿಚಾರಣೆ.’ ಅವರ ಮಾತು ಸುಳ್ಳಲ್ಲ. ಬೇರೆ ಜಾತಿಯ ಹುಡುಗನ ಜೊತೆ ಹುಡುಗಿ ಮಾತಾಡಿದ್ದನ್ನು ಮನೆಗೆ ಮುಟ್ಟಿಸಿ ಆಕೆಯ ಬಾಳನ್ನೇ ಹಾಳು ಮಾಡಿದ ಅಕ್ಕಪಕ್ಕದವರೂ ನಮ್ಮಲ್ಲಿದ್ದಾರೆ. ಕಾವಲು ಕಾಯುವುದು ಪರಿಚಯವಲ್ಲ. ಒಬ್ಬರ ಬಗ್ಗೆ ತಿಳಿದುಕೊಂಡದ್ದನ್ನು ಅವರಿಗೆ ನೆರವಾಗಲು ಬಳಸುತ್ತೇವೋ, ಅವರ ಮೇಲೆ ದೂರು ಹೇಳಲು ಬಳಸುತ್ತೇವೋ ಎಂಬಲ್ಲಿ ಎಲ್ಲ ಇದೆ. ಗಂಡನ ಏಟು ತಿನ್ನುವ ಹೆಣ್ಣುಮಗಳ ಕೂಗು ಗೋಡೆಯಾಚೆ ಕೇಳಿಸಿದಾಗ ‘ಅದು ಅವರ ಮನೆ ವಿಷಯ’ ಎಂದು ಟಿವಿ ಸದ್ದು ಹೆಚ್ಚಿಸುವವರು, ಆಕೆ ಸಂಜೆ ತಡವಾಗಿ ಬಂದರೆ ಮಾತ್ರ ಕಿಟಕಿ ತೆರೆಯುತ್ತಾರೆ. ಇದು ತಿರುಗುಮುರುಗಾಗಬೇಕು. ತಡವಾಗಿ ಬಂದದ್ದು ಅವಳ ವಿಷಯ. ಏಟು ಬಿದ್ದದ್ದು ಬೀದಿಯ ವಿಷಯ.

ಅಕ್ಕಪಕ್ಕದವರು ಒಟ್ಟಿಗೆ ಕೂತು ಕೇಳುವ ಅಭ್ಯಾಸವೂ ಒಂದಿತ್ತು. ನೀವು ಈಗ ಕೇಳುತ್ತಿರುವ ಈ ಮೈಸೂರು ಆಕಾಶವಾಣಿ 1935ರಲ್ಲಿ ಒಂಟಿಕೊಪ್ಪಲಿನ ಒಂದು ಮನೆಯಿಂದ ಶುರುವಾದದ್ದು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ‘ವಿಠಲ ವಿಹಾರ’ ಎಂಬ ತಮ್ಮ ಮನೆಯಲ್ಲೇ ಯಂತ್ರ ಇಟ್ಟು ಪ್ರಸಾರ ಮಾಡಿದರು. ಮುಂದೆ ಹಳ್ಳಿಗಳಲ್ಲಿ ಪಂಚಾಯಿತಿ ಕಟ್ಟಡದ ರೇಡಿಯೋ ಮುಂದೆ ಕೂತು ಜನ ಒಟ್ಟಿಗೆ ಕೇಳುತ್ತಿದ್ದರು, ಕೇಳಿದ್ದರ ಬಗ್ಗೆ ಅಲ್ಲೇ ವಾದ ಮಾಡುತ್ತಿದ್ದರು. ಈಗ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಇಯರ್‌ಫೋನು. ಇಂದು ನಾನು ಹೇಳಿದ್ದರಲ್ಲಿ ಒಪ್ಪದ ಮಾತು ಇದ್ದರೆ ದಯವಿಟ್ಟು ಅದನ್ನು ಪಕ್ಕದ ಮನೆಯವರ ಜೊತೆ ವಾದ ಮಾಡಿ ತೀರಿಸಿಕೊಳ್ಳಿ.

ಕೊನೆಗೆ ನನ್ನ ಕೋರಿಕೆ ಹೀಗೆ. ನಿಮ್ಮ ಬೀದಿಯಲ್ಲಿ ಯಾರಾದರೂ ಒಬ್ಬರು ಮುಂದಾಗಿ ಒಂದು ಹಾಳೆಯಲ್ಲಿ ಮನೆಮನೆಯ ಹೆಸರು, ಫೋನು, ಎದ್ದು ನಡೆಯಲಾರದವರು ಯಾರು ಎಂಬುದನ್ನು ಅವರವರ ಒಪ್ಪಿಗೆ ಕೇಳಿ ಬರೆದುಕೊಳ್ಳಿ. ಹೊಳೆದಂಡೆಯ ಕೇರಿಯವರು ಇದನ್ನು ಮೊದಲು ಮಾಡಿ. ಬಾಡಿಗೆಗೆ ಬಂದ ಹುಡುಗರ ಹೆಸರನ್ನೂ ಅದರಲ್ಲಿ ಸೇರಿಸಿ, ಅವರ ಊರಿನ ನಂಬರಿನ ಸಮೇತ. ಬದುವಿನ ವ್ಯಾಜ್ಯ ಇದ್ದರೆ ಮುಂದಿನ ವಾಯಿದೆಗೆ ಮೊದಲು ಒಂದು ಸಲ ನೇರ ಅವರ ಮನೆಗೆ ಹೋಗಿ ಕೂತು ಮಾತಾಡಿ, ಮಧ್ಯಸ್ಥರಿಲ್ಲದೆ. ಬರುವ ಸಂಕ್ರಾಂತಿಗೆ ಎಳ್ಳು ಕಲಸುವಾಗ ನಾಲ್ಕು ಪೊಟ್ಟಣ ಹೆಚ್ಚಿಗೆ ಕಟ್ಟಿ, ನಿಮ್ಮ ಮಕ್ಕಳನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸದೆ ಆಚೆ ಕೇರಿಗೆ ಕಳಿಸಿ. ಅಲ್ಲಿ ಕೊಟ್ಟ ನೀರನ್ನು ಕುಡಿದು ಬರಲು ಹೇಳಿ. ಬೇರೆ ಕೇರಿಯಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವ ಒಂದು ಮನೆಯೂ ಇಲ್ಲದಿದ್ದರೆ, ಸಂಕ್ರಾಂತಿಯ ತನಕ ಕಾಯಬೇಡಿ, ಈ ವಾರವೇ ಹೋಗಿ ಬನ್ನಿ.